‘ನಾನು ಆಗಲೇ ಹೇಳಿದ್ದೆ’: ಟಿವಿ ಥ್ರಿಲ್ಲರ್‌ಗಳು ಕೊಡುವ ಸುಖದ ಕುರಿತು ಒಂದು ಅಧ್ಯಯನ ಟಿಪ್ಪಣಿ

ಟಿವಿಗೆಂದೇ ತಯಾರಾಗುವ ಸಸ್ಪೆನ್ಸ್ ಥ್ರಿಲ್ಲರ್‌ಗಳನ್ನು ಅಭ್ಯಾಸಕ್ಕೆ ಎತ್ತಿಕೊಂಡಾಗ ನಮ್ಮಲ್ಲಿ ಹೆಚ್ಚಿನವರು ಮೊದಲಿಗೆ ಮಾಡುವ ತಪ್ಪೆಂದರೆ, ಅವುಗಳನ್ನು ಚಿತ್ರಮಂದಿರದ ಥ್ರಿಲ್ಲರ್‌ಗಳ ಅಗ್ಗದ ನಕಲುಗಳೆಂದು ಭಾವಿಸುವುದು. ಹಾಗೆ ಭಾವಿಸಿದರೆ ಮುಖ್ಯವಾದ ಒಂದು ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ. ಕತೆ ಎತ್ತ ಸಾಗುತ್ತದೆಂಬುದು ಮೊದಲ ಹತ್ತು ನಿಮಿಷಗಳಲ್ಲೇ ಗೊತ್ತಾಗುವ, ಖಳ ಯಾರೆಂಬುದು ಎಷ್ಟೋ ಸಲ ಶೀರ್ಷಿಕೆಯಲ್ಲೇ ಬಯಲಾಗಿರುವ ಈ ಚಿತ್ರಗಳನ್ನು ಜನ ಕೊನೆಯವರೆಗೂ ಯಾಕೆ ನೋಡುತ್ತಾರೆ, ನೋಡಿದ ಮೇಲೆ ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಯಾಕೆ ಹಿಂಜರಿಯುತ್ತಾರೆ? ನನ್ನ ವಾದ ಇಷ್ಟು: ಈ ಪ್ರಕಾರದ ಸುಖ ಇರುವುದು ಮುಂದೇನಾಗುತ್ತದೆಂದು ತಿಳಿಯದಿರುವುದರಲ್ಲಿ ಅಲ್ಲ, ತೆರೆಯ ಮೇಲಿರುವವರಿಗಿಂತ ಮೊದಲೇ ತಿಳಿದುಕೊಂಡು, ಅವರಿಗೆ ತಿಳಿಯುವವರೆಗೆ ಚಡಪಡಿಸುತ್ತ ಕಾಯುವುದರಲ್ಲಿ.

ಗಡಿಯಾರ ಕಟ್ಟಿದ ಕತೆ

ಈ ಪ್ರಕಾರ ಬೆಳೆದದ್ದು ಅಮೆರಿಕದ ವಾಣಿಜ್ಯ ವಾಹಿನಿಗಳಲ್ಲಿ. 1964ರ ಅಕ್ಟೋಬರ್ 7ರಂದು ಎನ್‌ಬಿಸಿ ವಾಹಿನಿ ಪ್ರಸಾರ ಮಾಡಿದ ‘ಸೀ ಹೌ ದೇ ರನ್’ ಟಿವಿಗೆಂದೇ ತಯಾರಾದ ಮೊದಲ ಚಲನಚಿತ್ರವೆಂದು ಸಾಮಾನ್ಯವಾಗಿ ಗಣಿಸಲಾಗುತ್ತದೆ. ಅದು ಕೂಡ ಥ್ರಿಲ್ಲರ್ ಎಂಬುದು ಗಮನಿಸಬೇಕಾದ ಸಂಗತಿ. ಅದೇ ಕಾಲದಲ್ಲಿ ಡಾನ್ ಸೀಗಲ್ ಟಿವಿಗಾಗಿ ನಿರ್ದೇಶಿಸಿದ ‘ದಿ ಕಿಲ್ಲರ್ಸ್’ ಮನೆಯ ತೆರೆಗೆ ತೀರ ಹಿಂಸಾತ್ಮಕವಾಯಿತೆಂಬ ಕಾರಣಕ್ಕೆ ಚಿತ್ರಮಂದಿರಗಳ ಪಾಲಾಯಿತು. ಈ ಎರಡು ಘಟನೆಗಳನ್ನು ಜೊತೆಗಿಟ್ಟು ನೋಡಿದರೆ ಪ್ರಕಾರದ ಮೊದಲ ಷರತ್ತು ಸ್ಪಷ್ಟವಾಗುತ್ತದೆ. ಮನೆಮಂದಿಯೆಲ್ಲ ಕೂತು ನೋಡುವ ಪೆಟ್ಟಿಗೆಯಲ್ಲಿ ಅಪಾಯವನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದಿತ್ತು, ಆದರೆ ಗಾಯವನ್ನು ತೋರಿಸುವಂತಿರಲಿಲ್ಲ. ರಕ್ತ ಹರಿಸಲಾಗದ ಕತೆಗಾರನಿಗೆ ಉಳಿಯುವ ದಾರಿ ಒಂದೇ, ಅದು ಬೆದರಿಕೆ.

ಎರಡನೆಯ ಷರತ್ತು ಸಮಯದ್ದು. ಎಬಿಸಿ ವಾಹಿನಿ 1969ರಲ್ಲಿ ಆರಂಭಿಸಿದ ‘ಮೂವಿ ಆಫ್ ದಿ ವೀಕ್’ ಸರಣಿಗೆ ತೊಂಬತ್ತು ನಿಮಿಷಗಳ ಅವಧಿ ಗೊತ್ತಾಗಿತ್ತು. ಜಾಹೀರಾತು ಮತ್ತು ವಾಹಿನಿಯ ಪ್ರಕಟಣೆಗಳನ್ನು ಕಳೆದರೆ ಚಿತ್ರಕ್ಕೆ ಉಳಿಯುತ್ತಿದ್ದುದು ಸುಮಾರು ಎಪ್ಪತ್ತೈದು ನಿಮಿಷ. ಈ ಸರಣಿಯಲ್ಲಿ 1971ರ ನವೆಂಬರ್ 13ರಂದು ಪ್ರಸಾರವಾದ ‘ಡ್ಯುಯೆಲ್’ 74 ನಿಮಿಷಗಳ ಚಿತ್ರ. ಅದನ್ನು ನಿರ್ದೇಶಿಸಿದ ಸ್ಟೀವನ್ ಸ್ಪಿಲ್‌ಬರ್ಗ್‌ಗೆ ಆಗ 24 ವರ್ಷ, ಚಿತ್ರೀಕರಣಕ್ಕೆ ಸಿಕ್ಕಿದ್ದು ಎರಡು ವಾರಕ್ಕೂ ಕಡಿಮೆ. ಕತೆಯನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದು: ಹೆದ್ದಾರಿಯಲ್ಲಿ ಒಬ್ಬಂಟಿಯಾಗಿ ಕಾರು ಓಡಿಸುತ್ತಿರುವ ಸಾಧಾರಣ ಮನುಷ್ಯನೊಬ್ಬನನ್ನು ಹಳೆಯ ಟ್ಯಾಂಕರ್ ಲಾರಿಯೊಂದು ಕಾರಣವಿಲ್ಲದೆ ಬೆನ್ನಟ್ಟುತ್ತದೆ.

ಇಲ್ಲಿ ಒಂದು ದೃಶ್ಯವನ್ನು ಹತ್ತಿರದಿಂದ ನೋಡಬೇಕು. ಪೆಟ್ರೋಲ್ ಬಂಕಿನಲ್ಲಿ ಲಾರಿ ಚಾಲಕನ ಬೂಟುಗಳಷ್ಟೇ ನಾಯಕನ ಕಣ್ಣಿಗೆ ಬಿದ್ದಿರುತ್ತವೆ, ಮುಖ ಕಂಡಿರುವುದಿಲ್ಲ. ಮುಂದೆ ರಸ್ತೆಬದಿಯ ಹೋಟೆಲೊಂದರಲ್ಲಿ ಅವನು ಬೆವರೊರೆಸಿಕೊಂಡು ಕುಳಿತು ಕಿಟಕಿಯಾಚೆ ನೋಡಿದರೆ, ಅದೇ ಲಾರಿ ಹೊರಗೆ ನಿಂತಿದೆ. ಅಂದರೆ ಅದರ ಚಾಲಕ ಇದೇ ಕೋಣೆಯಲ್ಲಿದ್ದಾನೆ. ಸಾಲಾಗಿ ಕುಳಿತ ಗಂಡಸರ ಕಾಲುಗಳತ್ತ ಅವನ ದೃಷ್ಟಿ ಇಳಿಯುತ್ತದೆ, ಅಲ್ಲಿ ಒಬ್ಬರಲ್ಲ, ಹಲವರು ಅಂಥದೇ ಬೂಟು ಹಾಕಿಕೊಂಡಿದ್ದಾರೆ. ಅವನು ಕೊನೆಗೆ ತಪ್ಪು ಮನುಷ್ಯನ ಮೇಲೆ ಆರೋಪ ಹೊರಿಸಿ ಹೊಡೆತ ತಿನ್ನುತ್ತಾನೆ. ಈ ಇಡೀ ಪ್ರಸಂಗಕ್ಕೆ ಬೇಕಾದದ್ದು ಒಂದು ಕೋಣೆ, ಕೆಲವು ಸಹನಟರು, ಕೆಲವು ಜೊತೆ ಬೂಟುಗಳು. ಹಣವಿದ್ದಿದ್ದರೆ ಆ ಜಾಗದಲ್ಲಿ ಇನ್ನೊಂದು ಡಿಕ್ಕಿ ಬರುತ್ತಿತ್ತೇನೋ. ಮುಂದೆ ಹೊರದೇಶಗಳ ಚಿತ್ರಮಂದಿರಗಳಿಗಾಗಿ ಇದೇ ಚಿತ್ರಕ್ಕೆ ಹೊಸ ದೃಶ್ಯಗಳನ್ನು ಸೇರಿಸಿ ಸುಮಾರು 90 ನಿಮಿಷಕ್ಕೆ ಹಿಗ್ಗಿಸಿದರು. ನಾಯಕ ಹೆಂಡತಿಯೊಡನೆ ಫೋನಿನಲ್ಲಿ ಮಾತಾಡುವ ದೃಶ್ಯ ಹಾಗೆ ಸೇರಿದ್ದು. ಅದರಿಂದ ಅವನ ಸಂಸಾರದ ವಿಷಯ ತಿಳಿಯಿತೇ ಹೊರತು ಭಯ ಹೆಚ್ಚಲಿಲ್ಲವೆಂಬುದು ನನ್ನ ಅಭಿಪ್ರಾಯ.

ಮೂರನೆಯ ಷರತ್ತು ಜಾಹೀರಾತು ವಿರಾಮ. ಪ್ರಕಾರವನ್ನು ರೂಪಿಸಿದ್ದರಲ್ಲಿ ಇದರ ಪಾಲೇ ದೊಡ್ಡದು. ಎರಡು ಗಂಟೆಯ ಅವಧಿಗೆ ಬರೆಯುವ ಟಿವಿ ಚಿತ್ರದ ಚಿತ್ರಕಥೆಯನ್ನು ಸಾಂಪ್ರದಾಯಿಕವಾಗಿ ಏಳು ಅಂಕಗಳಾಗಿ ಒಡೆಯುತ್ತಾರೆ, ಪ್ರತಿ ಅಂಕದ ಕೊನೆಗೂ ಒಂದು ವಿರಾಮ. ಮೊದಲ ಅಂಕ ಉಳಿದವಕ್ಕಿಂತ ಉದ್ದವಾಗಿರುವುದು ವಾಡಿಕೆ, ಏಕೆಂದರೆ ಬೇರೆ ವಾಹಿನಿಗೆ ಜಾರುವ ಮೊದಲು ನೋಡುಗರನ್ನು ಕತೆಯೊಳಗೆ ಎಳೆದುಕೊಂಡಿರಬೇಕು. ಆಮೇಲಿನ ಪ್ರತಿ ಅಂಕವೂ ಉತ್ತರ ಕೊಡದ ಒಂದು ಬಿಂಬದ ಮೇಲೆ ನಿಲ್ಲಬೇಕು: ತಾನಾಗಿ ತೆರೆದುಕೊಂಡ ಹಿಂಬಾಗಿಲು, ಮಗು ಬಿಡಿಸಿದ ಚಿತ್ರದಲ್ಲಿ ಕಾಣಿಸಿಕೊಂಡ ಅಪರಿಚಿತ, ಸತ್ತಳೆಂದುಕೊಂಡಿದ್ದವಳ ಹೆಸರಿಗೆ ಬಂದ ಕಾಗದ. ಇಂಥ ಚಿತ್ರಗಳನ್ನು ಒಂದರ ಹಿಂದೊಂದು ನೋಡಿದವರಿಗೆ ಗೊತ್ತಿರುವ ಕುಚೋದ್ಯವೊಂದಿದೆ: ವಿರಾಮಕ್ಕೆ ಮೊದಲು ನಾಯಕಿಯ ಹೆಗಲ ಮೇಲೆ ಬಿದ್ದ ಕೈ, ವಿರಾಮದ ನಂತರ ನೋಡಿದರೆ ಗಂಡನದಾಗಿರುತ್ತದೆ. ಮೋಸ ಹೋದೆವೆಂದು ನಗುತ್ತೇವೆ, ಆದರೂ ಮುಂದಿನ ವಿರಾಮಕ್ಕೆ ಮತ್ತೆ ಉಸಿರು ಬಿಗಿಹಿಡಿಯುತ್ತೇವೆ.

ತಿಳಿದಿರುವುದರ ಸುಖ

ಸಸ್ಪೆನ್ಸಿನ ಪಾಠ ಹೇಳುವವರೆಲ್ಲ ಚಿತ್ರ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್‌ನ ಬಾಂಬಿನ ಉದಾಹರಣೆಯಿಂದಲೇ ತೊಡಗುತ್ತಾರಾದ್ದರಿಂದ ಇಲ್ಲಿ ಅದನ್ನು ವಿವರಿಸುವುದಿಲ್ಲ. ಮೇಜಿನ ಕೆಳಗಿನ ಬಾಂಬು ಪ್ರೇಕ್ಷಕರಿಗೆ ಮೊದಲೇ ಗೊತ್ತಿದ್ದರೆ ಹದಿನೈದು ಸೆಕೆಂಡಿನ ಬೆಚ್ಚುವಿಕೆಯ ಬದಲು ಹದಿನೈದು ನಿಮಿಷಗಳ ಕಾತರ ಸಿಗುತ್ತದೆಂಬುದು ಅದರ ಸಾರ. ಟಿವಿ ಥ್ರಿಲ್ಲರ್ ಈ ಸೂತ್ರವನ್ನು ಕೊನೆಯ ಮೆಟ್ಟಿಲವರೆಗೆ ಒಯ್ಯುತ್ತದೆ. ಅಲ್ಲಿ ಬಾಂಬು ಮೇಜಿನ ಕೆಳಗಿರುವುದಿಲ್ಲ, ಮನೆಯೊಳಗೆ ಬಂದು ಕುಳಿತು ನಗುನಗುತ್ತ ಮಾತಾಡುತ್ತಿರುತ್ತದೆ. ಮಗುವನ್ನು ನೋಡಿಕೊಳ್ಳಲು ಬಂದವಳು, ಮಹಡಿಯ ಕೋಣೆಗೆ ಬಾಡಿಗೆಗೆ ಬಂದವನು, ಗಂಡನ ಕಚೇರಿಗೆ ಹೊಸದಾಗಿ ಸೇರಿದವಳು, ಮಗಳು ಮೆಚ್ಚಿ ಕರೆತಂದ ಹುಡುಗ, ಇವರಲ್ಲಿ ಒಬ್ಬರು. ಅವರು ಒಬ್ಬಂಟಿಯಾಗಿದ್ದಾಗ ಮುಖದ ನಗು ಆರುವುದನ್ನು ಕ್ಯಾಮೆರಾ ನಮಗೆ ಮಾತ್ರ ತೋರಿಸುತ್ತದೆ. ಅಲ್ಲಿಂದ ಮುಂದೆ ಪ್ರತಿ ಸಾಧಾರಣ ಮಾತಿಗೂ ಎರಡು ಅರ್ಥ; ‘ಮಗುವಿನ ಚಿಂತೆ ಬಿಡಿ, ನಾನಿದ್ದೀನಲ್ಲ’ ಎಂಬುದು ನಾಯಕಿಗೆ ಆಶ್ವಾಸನೆ, ನಮಗೆ ಬೆದರಿಕೆ.

ಈ ಪ್ರಕಾರದ ಸ್ಥಿರ ಪಾತ್ರಗಳಲ್ಲಿ ನನಗೆ ಬಹಳ ಕುತೂಹಲ ಹುಟ್ಟಿಸಿದ್ದು ನಾಯಕಿಯ ಗೆಳತಿ. ಸತ್ಯ ಮೊದಲು ತಿಳಿಯುವುದು ಅವಳಿಗೆ. ಹಳೆಯ ಪತ್ರಿಕೆಯ ತುಣುಕೊಂದನ್ನು ಹುಡುಕಿ ತೆಗೆದು, ನಾಯಕಿಗೆ ಫೋನ್ ಮಾಡಿ, ‘ಇದನ್ನು ಫೋನಿನಲ್ಲಿ ಹೇಳಲಾಗುವುದಿಲ್ಲ, ನಾನೇ ಬರುತ್ತೇನೆ, ಅಲ್ಲಿವರೆಗೆ ಅವಳ ಹತ್ತಿರ ಏನೂ ಮಾತಾಡಬೇಡ’ ಎಂದು ಹೇಳಿ ಕಾರಿನ ಕೀಲಿಕೈ ಎತ್ತಿಕೊಂಡ ಕ್ಷಣವೇ ಅವಳ ಗತಿ ಏನೆಂಬುದು ನೋಡುವವರಿಗೆಲ್ಲ ಖಚಿತ. ಫೋನಿನಲ್ಲೇ ಹೇಳಿಬಿಡು ಎಂದು ನಾವು ಟಿವಿಗೆ ಹೇಳುತ್ತೇವೆ. ಕತೆಗಾರರಿಗೆ ಆ ಮಾತು ಹೊಳೆದಿಲ್ಲವೆಂದಲ್ಲ. ಹಾಗೆ ಹೇಳುವ ಅವಕಾಶವನ್ನು ನಮಗೆ ಕೊಡುವುದಕ್ಕೆಂದೇ ಅವರು ಅವಳ ಬಾಯಿ ಮುಚ್ಚಿಸಿರುತ್ತಾರೆ. ಚಿತ್ರಮಂದಿರದ ಕತ್ತಲಲ್ಲಿ ಹೀಗೆ ಗಟ್ಟಿಯಾಗಿ ಮಾತಾಡಲಾಗದು, ಮನೆಯಲ್ಲಿ ಆಗುತ್ತದೆ. ಪಾತ್ರಗಳ ಮೂರ್ಖತನ ಹೀಗೆ ನೋಡುಗರ ಮಾತಿಗೆ ಬಿಟ್ಟ ಜಾಗವಾಗುತ್ತದೆ, ಅದನ್ನು ಬರಿಯ ದೋಷವೆಂದು ಪಟ್ಟಿಮಾಡಿದರೆ ಅದರ ಕೆಲಸವೇನೆಂದು ಕಾಣುವುದಿಲ್ಲ.

ಅಂತ್ಯ ಗೊತ್ತಿದ್ದರೆ ರುಚಿ ಕೆಡುತ್ತದೆಂಬ ನಂಬಿಕೆಯನ್ನು ಪರೀಕ್ಷಿಸಿದವರಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಶಾಖೆಯ ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟನ್‌ಫೆಲ್ಡ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂತ್ಯವನ್ನು ಮೊದಲೇ ತಿಳಿದು ಸಣ್ಣಕತೆ ಓದಿದವರು ತಿಳಿಯದೆ ಓದಿದವರಿಗಿಂತ ಒಟ್ಟಾರೆ ಹೆಚ್ಚು ಮೆಚ್ಚಿದ್ದು ಕಂಡುಬಂತು. ಪತ್ತೇದಾರಿ ಕತೆಗಳೂ ಅದರಲ್ಲಿದ್ದವು. ಆ ಪ್ರಯೋಗ ಮುದ್ರಿತ ಕತೆಗಳದ್ದಾದ್ದರಿಂದ ಅದನ್ನು ಟಿವಿಗೆ ನೇರವಾಗಿ ಅನ್ವಯಿಸಬಾರದು, ಆದರೆ ‘ಊಹಿಸಬಹುದು’ ಎಂಬುದನ್ನು ನಿಂದೆಯ ಮಾತಾಗಿ ಬಳಸುವ ಮುನ್ನ ಯೋಚಿಸುವುದಕ್ಕೆ ಅಷ್ಟು ಸಾಕು. ಇನ್ನೊಂದು ಕಡೆಯಿಂದ, ಮಾಧ್ಯಮಗಳ ಮನೋವಿಜ್ಞಾನವನ್ನು ಅಭ್ಯಸಿಸಿದ ಡಾಲ್ಫ್ ಜಿಲ್‌ಮನ್‌ನ ಉದ್ರೇಕ ವರ್ಗಾವಣೆಯ ಸಿದ್ಧಾಂತ ನೆರವಿಗೆ ಬರುತ್ತದೆ. ಭಯದಿಂದ ದೇಹದಲ್ಲಿ ಎದ್ದ ಉದ್ವೇಗ ಅಪಾಯ ಕಳೆದ ಕೂಡಲೇ ಇಳಿಯುವುದಿಲ್ಲ, ಉಳಿದ ಆ ಉದ್ವೇಗವೇ ನಂತರದ ಸಮಾಧಾನವನ್ನು ಹಿಗ್ಗಿಸುತ್ತದೆ ಎಂಬುದು ಅದರ ಪ್ರತಿಪಾದನೆ. ಜಾಹೀರಾತಿನ ಎರಡು ಮೂರು ನಿಮಿಷಗಳಲ್ಲಿ ಎದೆಬಡಿತ ಪೂರ್ತಿ ತಣಿಯದೆ ಮುಂದಿನ ಅಂಕಕ್ಕೆ ಹರಿದು ಹೋಗುತ್ತದೆಂದು ಇದರಿಂದ ಊಹಿಸಬಹುದು. ಇದು ನನ್ನ ಊಹೆಯೇ ಹೊರತು ಜಿಲ್‌ಮನ್‌ನ ಮಾತಲ್ಲ.

ನಾಯಕಿಯ ಕಡೆಯಿಂದ ನೋಡಿದರೆ ಈ ಸುಖಕ್ಕೆ ಇನ್ನೊಂದು ಮುಖವಿದೆ. 1984ರಲ್ಲಿ ಆರಂಭವಾದ, ಮಹಿಳಾ ವೀಕ್ಷಕರನ್ನೇ ಗುರಿಯಾಗಿಟ್ಟುಕೊಂಡು ಬೆಳೆದ ಲೈಫ್‌ಟೈಮ್ ವಾಹಿನಿಯಲ್ಲಿ ಈ ಪ್ರಕಾರ ನೆಲೆಯೂರಿದ್ದು ಆಕಸ್ಮಿಕವಲ್ಲ. ಅಲ್ಲಿನ ಕತೆಗಳಲ್ಲಿ ಮತ್ತೆ ಮತ್ತೆ ಬರುವ ಸನ್ನಿವೇಶ, ಹೆಂಗಸೊಬ್ಬಳು ಏನೋ ಸರಿಯಿಲ್ಲವೆಂದು ಹೇಳುವುದು, ಗಂಡ ‘ನಿನಗೆ ದಣಿವಾಗಿದೆ’ ಎನ್ನುವುದು, ಪೊಲೀಸರು ಸಾಕ್ಷಿ ಕೇಳುವುದು. ಅವಳ ಮಾತು ಖರೆಯೆಂದು ನಮಗೆ ಗೊತ್ತು, ತೆರೆಯ ಮೇಲೆ ಯಾರಿಗೂ ಗೊತ್ತಿಲ್ಲ. ಕೊನೆಯ ಅಂಕದಲ್ಲಿ ಸತ್ಯ ಹೊರಬಿದ್ದಾಗ ‘ನಾನು ಆಗಲೇ ಹೇಳಿದ್ದೆ’ ಎನ್ನುವ ಹಕ್ಕು ಅವಳಿಗೂ ನಮಗೂ ಒಟ್ಟಿಗೇ ಸಿಗುತ್ತದೆ. ದಿನನಿತ್ಯದ ಬದುಕಿನಲ್ಲಿ ಆ ಮಾತು ಹೇಳುವ ಸಂದರ್ಭ ಇಷ್ಟು ಸ್ಪಷ್ಟವಾಗಿ, ಇಷ್ಟು ಸಾಕ್ಷಿಗಳ ಮುಂದೆ ಒದಗುವುದು ಅಪರೂಪ.

ನಾಚಿಕೆ ಬೇರೆ, ತಪ್ಪಿನ ಅಳುಕು ಬೇರೆ

ನೋಡಿ ಸುಖಪಟ್ಟರೂ ಹೇಳಿಕೊಳ್ಳಲು ಹಿಂಜರಿಯುವ ಈ ಬಗೆಯನ್ನು ಇಂಗ್ಲಿಷಿನವರು ‘ಗಿಲ್ಟಿ ಪ್ಲೆಷರ್’ ಎಂಬ ಒಂದೇ ಪದದಲ್ಲಿ ಕಟ್ಟಿಹಾಕುತ್ತಾರೆ. ಕನ್ನಡದಲ್ಲಿ ಯೋಚಿಸಿದರೆ ಅದರೊಳಗೆ ಎರಡು ಭಾವಗಳು ಬೆರೆತಿರುವುದು ಕಾಣುತ್ತದೆ. ಮೊದಲನೆಯದು ನಾಚಿಕೆ, ಅಂದರೆ ನನ್ನ ಅಭಿರುಚಿಯ ಬಗ್ಗೆ ನಾಲ್ಕು ಜನ ಏನೆಂದುಕೊಂಡಾರು ಎಂಬ ಸಂಕೋಚ. ಇದು ಗಂಭೀರವಾದದ್ದೇನಲ್ಲ. ಅತಿಯಾದ ಅಭಿನಯ, ಮುಂದಾಗುವುದನ್ನು ಮೊದಲೇ ಕೂಗಿ ಹೇಳುವ ಹಿನ್ನೆಲೆ ಸಂಗೀತ, ಉದ್ದುದ್ದ ಶೀರ್ಷಿಕೆಗಳು ಇದಕ್ಕೆ ಕಾರಣ. 1996ರಲ್ಲಿ ಎನ್‌ಬಿಸಿಯಲ್ಲಿ ಬಂದ ‘ಮದರ್, ಮೇ ಐ ಸ್ಲೀಪ್ ವಿತ್ ಡೇಂಜರ್?’ ಇಂದಿಗೂ ನೆನಪಿನಲ್ಲಿರುವುದರಲ್ಲಿ ಅದರ ಹೆಸರಿನ ಪಾಲು ಕಡಿಮೆಯಲ್ಲ. ಅಮೆರಿಕದ ಲೇಖಕಿ ಸೂಸನ್ ಸಾಂಟಾಗ್ 1964ರ ಪ್ರಬಂಧದಲ್ಲಿ ‘ಕ್ಯಾಂಪ್’ ಎಂಬ, ಅತಿರೇಕ ಮತ್ತು ಕೃತಕತೆಯನ್ನೇ ಸವಿಯುವ ಅಭಿರುಚಿಯನ್ನು ಚರ್ಚಿಸುತ್ತ, ಅದರ ಶುದ್ಧ ರೂಪ ತನ್ನ ಬಗ್ಗೆ ತನಗೇ ಅರಿವಿಲ್ಲದ ಮುಗ್ಧತೆಯಿಂದ ಬರುತ್ತದೆಂದು ಗುರುತಿಸಿದ್ದರು. 2015ರ ಜೂನ್‌ನಲ್ಲಿ ಲೈಫ್‌ಟೈಮ್ ಪ್ರಸಾರ ಮಾಡಿದ ‘ಎ ಡೆಡ್ಲಿ ಅಡಾಪ್ಷನ್’ ಈ ಮಾತಿಗೆ ಒಳ್ಳೆಯ ಪರೀಕ್ಷೆ. ಹಾಸ್ಯನಟರೆಂದೇ ಹೆಸರಾದ ವಿಲ್ ಫೆರೆಲ್ ಮತ್ತು ಕ್ರಿಸ್ಟನ್ ವಿಗ್ ಅದರಲ್ಲಿ ಒಂದೂ ತಮಾಷೆ ಮಾಡದೆ, ಪ್ರಕಾರದ ಕಟ್ಟಳೆಗಳನ್ನು ಗಂಭೀರ ಮುಖದಿಂದಲೇ ಪಾಲಿಸಿದರು. ಅಣಕವೆಂದು ಕಾದವರಿಗೆ ನಗು ಸಿಕ್ಕಿದ್ದು ಅಣಕವೇ ಇಲ್ಲದಿರುವುದರಲ್ಲಿ.

ಎರಡನೆಯದು ನಿಜವಾದ ಅಳುಕು, ಇದನ್ನು ನಾಚಿಕೆಯ ಜೊತೆ ಸೇರಿಸಿ ನಕ್ಕು ಬಿಡುವಂತಿಲ್ಲ. 1992ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನಲ್ಲಿ 17 ವರ್ಷದ ಹುಡುಗಿಯೊಬ್ಬಳು ತನ್ನ ಪ್ರಿಯಕರನ ಹೆಂಡತಿಗೆ ಗುಂಡು ಹಾರಿಸಿದಳು. ಆ ಹೆಂಗಸು ಬದುಕುಳಿದರು. ಅದೇ ವರ್ಷದ ಡಿಸೆಂಬರ್ 28ರಂದು ಎನ್‌ಬಿಸಿ ಆ ಘಟನೆಯ ಚಿತ್ರವನ್ನು ಪ್ರಸಾರ ಮಾಡಿತು. 1993ರ ಜನವರಿ 3ರ ಒಂದೇ ರಾತ್ರಿ ಎಬಿಸಿ ಮತ್ತು ಸಿಬಿಎಸ್ ತಮ್ಮ ತಮ್ಮ ಚಿತ್ರಗಳನ್ನು ಎದುರುಬದುರಾಗಿ ಹಾಕಿದವು. ಗಾಯ ಮಾಯುವ ಮೊದಲೇ ಒಂದೇ ಸಂಕಟ ಮೂರು ಬಾರಿ ಏಳೇಳು ಅಂಕಗಳ ಅಚ್ಚಿಗೆ ಬಿತ್ತು. ಕಲ್ಪಿತ ಕತೆಯಲ್ಲಿ ‘ನಾನು ಆಗಲೇ ಹೇಳಿದ್ದೆ’ ಎನ್ನುವುದರಿಂದ ಯಾರಿಗೂ ನೋವಿಲ್ಲ. ನಡೆದ ಘಟನೆಯಲ್ಲಿ ಅದೇ ಮಾತು, ಗುಂಡೇಟು ತಿಂದ ಹೆಂಗಸಿಗೆ ‘ನಿನಗೆ ಮೊದಲೇ ತಿಳಿಯಬೇಕಿತ್ತು’ ಎಂದಂತೆ ಕೇಳಿಸುತ್ತದೆ. ಹಾಗಾಗಿ ವಿಮರ್ಶೆ ಬರೆಯುವಾಗ ಈ ಎರಡು ಬಗೆಯ ಚಿತ್ರಗಳನ್ನು ಬೇರೆ ಬೇರೆಯಾಗಿಯೇ ತೂಗಬೇಕೆಂಬುದು ನನ್ನ ನಿಲುವು.

ಅಭ್ಯಾಸಕ್ಕೆ ಒಂದು ಸೂಚನೆ. ಈಗ ಸ್ಟ್ರೀಮಿಂಗ್ ಸೇವೆಗಳಲ್ಲಿ ಈ ಚಿತ್ರಗಳನ್ನು ಜಾಹೀರಾತಿಲ್ಲದೆ ನೋಡಬಹುದು, ಆದರೆ ವಿರಾಮಕ್ಕೆಂದು ಬಿಟ್ಟ ಸಂದುಗಳು ಹಾಗೆಯೇ ಉಳಿದಿರುತ್ತವೆ: ಸಂಗೀತ ಏರುತ್ತದೆ, ಮುಖ ಹತ್ತಿರ ಬರುತ್ತದೆ, ತೆರೆ ಕಪ್ಪಾಗುತ್ತದೆ, ಮರುಕ್ಷಣ ಏನೂ ಆಗಿಲ್ಲವೆಂಬಂತೆ ಹಗಲಿನ ದೃಶ್ಯವೊಂದು ತೆರೆದುಕೊಳ್ಳುತ್ತದೆ. ತೆರೆ ಕಪ್ಪಾದಾಗಲೆಲ್ಲ ಚಿತ್ರವನ್ನು ನಿಲ್ಲಿಸಿ ಎರಡು ಸಾಲು ಬರೆದಿಡಿ: ಈ ಹೊತ್ತಿಗೆ ನಮಗೆ ಗೊತ್ತಿರುವುದು ಏನು, ನಾಯಕಿಗೆ ಗೊತ್ತಿರುವುದು ಏನು. ಏಳನೆಯ ಅಂಕದ ಹೊತ್ತಿಗೆ ಆ ಎರಡು ಸಾಲುಗಳ ನಡುವಿನ ಅಂತರ ಎಲ್ಲಿ ಹಿಗ್ಗಿತು, ಯಾವ ನಿಮಿಷದಲ್ಲಿ ಮುಚ್ಚಿಹೋಯಿತು ಎಂಬುದು ನಿಮ್ಮ ಪುಟದ ಮೇಲೆಯೇ ಇರುತ್ತದೆ.