ಇಸುಬಿನ ಸಾಮಾಜಿಕ-ಆರ್ಥಿಕ ಅಂಶಗಳು ಎಂದರೇನು?

ವೈದ್ಯರ ಚೀಟಿಯಲ್ಲಿ ಎಕ್ಸಿಮಾ ಎಂದು ಬರೆದಿರುವುದೇ ಕನ್ನಡದ ಇಸುಬು. ಚರ್ಮದ ಯಾವ ತುರಿಕೆಯನ್ನಾದರೂ ಬಾಯಿಗೆ ಬಂದ ಹೆಸರಿನಿಂದ ಕರೆಯುವ ರೂಢಿ ಇರುವುದರಿಂದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹುಳುಕಡ್ಡಿ ಶಿಲೀಂಧ್ರದಿಂದ ಬರುತ್ತದೆ, ಕಜ್ಜಿ ಚರ್ಮದೊಳಗೆ ಕೊರೆಯುವ ಸಣ್ಣ ಹುಳದಿಂದ. ಎರಡೂ ಒಬ್ಬರಿಂದ ಒಬ್ಬರಿಗೆ ಹರಡುತ್ತವೆ. ಇಸುಬು ಹರಡುವುದಿಲ್ಲ. ಎಕ್ಸಿಮಾ ಎಂಬ ಪದಕ್ಕೆ ಗ್ರೀಕ್ ಮೂಲದಲ್ಲಿ ಕುದಿದು ಉಕ್ಕುವುದು ಎಂಬ ಅರ್ಥವಿದೆ. ತುರಿಸಿ ತುರಿಸಿ ನೀರು ಜಿನುಗುವ ಚರ್ಮವನ್ನು ಕಂಡವರಿಗೆ ಆ ಹೆಸರನ್ನು ವಿವರಿಸಬೇಕಾಗಿಲ್ಲ.

‘ಸಾಮಾಜಿಕ-ಆರ್ಥಿಕ ಅಂಶಗಳು’ ಎಂಬ ಉದ್ದನೆಯ ಮಾತಿನೊಳಗೆ ಇರುವುದು ದಿನಬಳಕೆಯ ಸಂಗತಿಗಳೇ: ಆದಾಯ, ಓದು, ಕೆಲಸ, ವಾಸದ ಮನೆ, ಔಷಧದ ಖರ್ಚನ್ನು ಯಾರು ಭರಿಸುತ್ತಾರೆ ಎಂಬುದು. ಇವಕ್ಕೂ ಚರ್ಮಕ್ಕೂ ಏನು ನಂಟು? ಚರ್ಮದ ಹೊರಪದರವನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ದೋಷವಿದ್ದರೆ ಇಸುಬಿನ ಸಾಧ್ಯತೆ ಹೆಚ್ಚು ಎಂಬುದು 2006ರಲ್ಲಿ ಗೊತ್ತಾಯಿತು. ಆದರೆ ಆ ದೋಷವಿದ್ದ ಎಲ್ಲರಿಗೂ ಇಸುಬು ಬರುವುದಿಲ್ಲ. ಚರ್ಮವೆಂಬ ಗೋಡೆ ತೆಳ್ಳಗಿರುವುದು ಹುಟ್ಟಿನಿಂದ ಬಂದದ್ದು. ದಿನವೂ ಅದಕ್ಕೆ ಎಷ್ಟು ನೀರು ಬಡಿಯುತ್ತದೆ ಎಂಬುದು ಹೊಟ್ಟೆಪಾಡಿನ ಸಂಗತಿ.

ವಯಸ್ಕರ ಮಟ್ಟಿಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವ ಅಂಶ ಕೆಲಸ. ಚರ್ಮವೈದ್ಯರು ‘ಒದ್ದೆ ಕೆಲಸ’ ಎಂದು ಒಂದು ವರ್ಗವನ್ನೇ ಮಾಡಿಕೊಂಡಿದ್ದಾರೆ. ದಿನಕ್ಕೆ 2 ಗಂಟೆಗಿಂತ ಹೆಚ್ಚು ಹೊತ್ತು ಕೈ ನೀರಿನಲ್ಲಿರುವುದು, ಅಷ್ಟೇ ಹೊತ್ತು ನೀರು ದಾಟದ ಕೈಗವಸು ತೊಟ್ಟಿರುವುದು, ಇಲ್ಲವೇ 20ಕ್ಕಿಂತ ಹೆಚ್ಚು ಸಲ ಕೈ ತೊಳೆಯುವುದು ಇದರ ವಾಡಿಕೆಯ ಅಳತೆ. ಕೈಗವಸು ಲೆಕ್ಕಕ್ಕೆ ಬರುವುದೇಕೆಂದರೆ ಅದರೊಳಗೆ ಬೆವರು ನಿಂತು ಚರ್ಮ ನೆನೆಯುತ್ತದೆ. ಪಾತ್ರೆ ತೊಳೆಯುವವರು, ನೆಲ ಒರೆಸುವವರು, ದಾದಿಯರು, ಅಡುಗೆಯವರು, ಕ್ಷೌರಿಕರು ಎಲ್ಲರೂ ಈ ಸಾಲಿನವರೇ. ಇಂಥ ಕೈಯನ್ನು ಹತ್ತಿರದಿಂದ ನೋಡಬೇಕು. ಬೆರಳುಗಳ ಸಂದಿಯಲ್ಲಿ ಸೋಪಿನ ನೊರೆ ಉಳಿದುಕೊಳ್ಳುತ್ತದೆ, ಬಟ್ಟೆಗೆ ಒರೆಸಿದರೂ ಪೂರ್ತಿ ಒಣಗುವುದಿಲ್ಲ. ಉಂಗುರದ ಅಡಿಯಲ್ಲೂ ಹಾಗೆಯೇ. ಅಲ್ಲಿ ಚರ್ಮ ಒರಟಾಗಿ, ಸಿಪ್ಪೆಯೆದ್ದು, ಗೆಣ್ಣುಗಳ ಮೇಲೆ ಸೀಳುತ್ತದೆ. ಮರುದಿನ ಬೆಳಿಗ್ಗೆ ಆ ಸೀಳಿಗೆ ಮತ್ತೆ ಅದೇ ಸೋಪಿನ ನೀರು.

ಗಾರೆ ಕೆಲಸದವರ ಕಾಟ ಇನ್ನೊಂದು ಬಗೆಯದು. ಹಸಿ ಸಿಮೆಂಟಿನಲ್ಲಿ ಕರಗಿರುವ ಕ್ರೋಮಿಯಂ ಅಲರ್ಜಿಯ ಇಸುಬನ್ನು ತರುತ್ತದೆ. ಸಿಮೆಂಟಿಗೆ ಫೆರಸ್ ಸಲ್ಫೇಟ್ ಬೆರೆಸಿದರೆ ಅದು ಬಹುಮಟ್ಟಿಗೆ ತಗ್ಗುತ್ತದೆ. ಡೆನ್ಮಾರ್ಕ್ 1980ರ ದಶಕದಲ್ಲೇ ಇದನ್ನು ಮಾಡಿತು. ಐರೋಪ್ಯ ಒಕ್ಕೂಟದಲ್ಲಿ 2005ರಿಂದ ಕ್ರೋಮಿಯಂಗೆ ಮಿತಿಯಿದೆ. ಮುಲಾಮು ಮಾಡಲಾಗದ ಕೆಲಸವನ್ನು ಕಾಯಿದೆ ಮಾಡಿದ ಪ್ರಸಂಗ ಎಂದು ನಾನು ಇದನ್ನು ಎಣಿಸುತ್ತೇನೆ.

ಹಾಗಾದರೆ ಇಸುಬು ಬಡವರ ರೋಗವೇ? ಹಾಗೆಂದು ಹೇಳಿಬಿಡಲು ಆಗುವುದಿಲ್ಲ. ಮಕ್ಕಳ ಇಸುಬು ಉಳ್ಳವರ, ಓದಿದವರ ಮನೆಗಳಲ್ಲೇ ಹೆಚ್ಚೆಂದು ಎಷ್ಟೋ ಅಧ್ಯಯನಗಳು ಹೇಳಿವೆ. ಬ್ರಿಟನ್ನಿನ ಸಂಶೋಧಕ ಡೇವಿಡ್ ಸ್ಟ್ರಾಚನ್ 1958ರಲ್ಲಿ ಹುಟ್ಟಿದ 17,000ಕ್ಕೂ ಹೆಚ್ಚು ಮಕ್ಕಳ ವಿವರಗಳನ್ನು ನೋಡಿ, ಅಣ್ಣ ಅಕ್ಕಂದಿರು ಹೆಚ್ಚಿದ್ದಷ್ಟೂ ಹೇ ಫೀವರ್ (ಪರಾಗದ ಅಲರ್ಜಿಯಿಂದ ಬರುವ ಸೀನು, ನೆಗಡಿ) ಮತ್ತು ಎಳವೆಯ ಇಸುಬು ಕಡಿಮೆ ಎಂದು 1989ರಲ್ಲಿ ಬರೆದರು. ಎಳವೆಯಲ್ಲಿ ತಗಲುವ ಸೋಂಕುಗಳು ಅಲರ್ಜಿಯಿಂದ ಕಾಪಾಡುತ್ತವೆಯೇನೋ ಎಂಬ ಅವರ ಊಹೆಯೇ ನೈರ್ಮಲ್ಯ ಸಿದ್ಧಾಂತ ಎಂದು ಹೆಸರಾಯಿತು. ಬೆಳೆದವರ ಕೈ ಇಸುಬು ಮಾತ್ರ ಕೈಯಿಂದ ದುಡಿಯುವವರನ್ನೇ ಹೆಚ್ಚಾಗಿ ಹಿಡಿಯುತ್ತದೆ.

ಅಂಕಿಗಳನ್ನು ಓದುವಾಗಲೂ ಎಚ್ಚರ ಬೇಕು. ‘ನಿಮಗೆ ಇಸುಬಿದೆ ಎಂದು ವೈದ್ಯರು ಹೇಳಿದ್ದಾರೆಯೇ?’ ಎಂಬುದು ಸಮೀಕ್ಷೆಗಳ ಮಾಮೂಲಿ ಪ್ರಶ್ನೆ. ವೈದ್ಯರ ಬಳಿ ಹೋಗಲು ಒಂದು ದಿನದ ಕೂಲಿ ಕಳೆದುಕೊಳ್ಳಲಾರದವರು ಪ್ರಾಮಾಣಿಕವಾಗಿಯೇ ‘ಇಲ್ಲ’ ಎನ್ನುತ್ತಾರೆ. ಕಪ್ಪು ಮೈಬಣ್ಣದವರಲ್ಲಿ ಉರಿಯೂತ ಕೆಂಪಾಗಿ ಕಾಣದೆ ಬೂದು, ನೇರಳೆ ಅಥವಾ ಕಡುಕಂದು ಬಣ್ಣದಲ್ಲಿ ಕಾಣುವುದರಿಂದ ವೈದ್ಯರ ಕಣ್ಣೂ ತಪ್ಪುವುದುಂಟು.

ಹೊಟ್ಟೆಪಾಡಿನ ಕೆಲಸ ಇಸುಬನ್ನು ತರುವಂತೆ ಇಸುಬೂ ಬಡತನವನ್ನು ತರಬಲ್ಲದು. ರಾತ್ರಿಯಿಡೀ ತುರಿಸಿಕೊಂಡವರಿಗೆ ನಿದ್ದೆಯಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋದರೂ ಕೈ ಓಡುವುದಿಲ್ಲ. ಕ್ಷೌರ ಕಲಿಯಲು ಬಂದ ಎಳೆಯರು ಶಾಂಪೂ, ತಲೆಬಣ್ಣಗಳ ಸಹವಾಸಕ್ಕೆ ಕೈ ಒಡೆದು ಆ ಕಸುಬನ್ನೇ ಬಿಡುವುದು ಹಲವು ದೇಶಗಳಲ್ಲಿ ದಾಖಲಾಗಿದೆ. ಹಾಗೆ ಬಿಟ್ಟವರು ಹೊರಗುಳಿಯುವುದರಿಂದ, ಅಂಗಡಿಗೆ ಹೋಗಿ ಎಣಿಸುವವರಿಗೆ ಸಿಗುವುದು ತಡೆದುಕೊಂಡು ನಿಂತವರ ಚರ್ಮ ಮಾತ್ರ. ರೋಗ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಚಿಕಿತ್ಸೆಯ ಲೆಕ್ಕವೂ ಸಣ್ಣದಲ್ಲ. ಮೈಯೆಲ್ಲ ಇಸುಬಿದ್ದವರಿಗೆ ಚರ್ಮದ ತೇವ ಉಳಿಸುವ ಮುಲಾಮೇ ವಾರಕ್ಕೆ ಸುಮಾರು 500 ಗ್ರಾಂ ಬೇಕಾದೀತು, ಅದೂ ವರ್ಷಗಟ್ಟಲೆ. ಅಮೆರಿಕದಲ್ಲಿ 2017ರಲ್ಲಿ ವಯಸ್ಕರ ಮಧ್ಯಮ ಹಾಗೂ ತೀವ್ರ ಇಸುಬಿಗೆ ಒಪ್ಪಿಗೆ ಪಡೆದ ಡುಪಿಲುಮ್ಯಾಬ್ ಚುಚ್ಚುಮದ್ದು ವಿಮೆಯಿಲ್ಲದವರ ಕೈಗೆ ಎಟುಕುವಂಥದ್ದಲ್ಲ. ‘ಕೈ ಒದ್ದೆ ಮಾಡಿಕೊಳ್ಳಬೇಡಿ’ ಎಂಬ ಸಲಹೆಗೆ ದುಡ್ಡು ಬೇಕಾಗಿಲ್ಲ, ನಿಜ. ಪಾತ್ರೆ ತೊಳೆದು ಬದುಕುವವರಿಗೆ ಅದನ್ನು ಹೇಳುವುದೆಂದರೆ ಕೆಲಸ ಬಿಡಿ ಎಂದಂತೆಯೇ. ಒದ್ದೆ ಕೆಲಸವನ್ನೂ ಒಣ ಕೆಲಸವನ್ನೂ ಸರದಿಯ ಮೇಲೆ ಹಂಚುವುದು, ರಬ್ಬರ್ ಕೈಗವಸಿನೊಳಗೆ ಹತ್ತಿಯದೊಂದನ್ನು ಕೊಡುವುದು ಕೆಲಸ ಕೊಟ್ಟವರು ಮಾಡಬಹುದಾದದ್ದು. ವೈದ್ಯರು ಮಾಡಬೇಕಾದದ್ದು ಇನ್ನೂ ಸುಲಭ: ರಜೆಯ ದಿನಗಳಲ್ಲಿ ಕೈ ವಾಸಿಯಾಗಿ, ಕೆಲಸಕ್ಕೆ ಮರಳಿದ ಮೇಲೆ ಮತ್ತೆ ಕೆಡುತ್ತದೆಯೇ ಎಂದು ಕೇಳುವುದು.