ಬಣ್ಣ ಬಂದರೂ ಬಲಿಯದ ಮಾವು

ಯುಗಾದಿಗೆ ಮಾವಿನಕಾಯಿ ಚಿತ್ರಾನ್ನ ಮಾಡಿದ ಬೆನ್ನಿಗೇ ಬೆಂಗಳೂರು, ಮೈಸೂರಿನ ತಳ್ಳುಗಾಡಿಗಳಲ್ಲಿ ಅಚ್ಚ ಹಳದಿ ಮಾವಿನಹಣ್ಣು ಕಾಣಿಸಿಕೊಳ್ಳುತ್ತದೆ. ರಾಮನಗರದ ತೋಟಗಳಲ್ಲಿ ಆಗಿನ್ನೂ ಕೊಯ್ಲು ಶುರುವಾಗುವ ಹೊತ್ತು. ಶ್ರೀನಿವಾಸಪುರ, ಚಿಂತಾಮಣಿ ಕಡೆಯ ಕಾಯಿ ಬಲಿಯಬೇಕಾದರೆ ಮೇ ತಿಂಗಳ ನಡುವಾಗಬೇಕು. ಕೇರಳದ ಮುದಲಮಡದಂಥ ಕಡೆಗಳಿಂದ ಬೇಗ ಬಲಿತ ಕಾಯಿ ಒಂದಿಷ್ಟು ಬರುತ್ತದೆ ನಿಜ. ಆದರೆ ಗಾಡಿ ಮೇಲಿರುವ ಹಣ್ಣಿನಲ್ಲಿ ಬಹಳಷ್ಟನ್ನು ಕೊಯ್ದು ನೋಡಿದರೆ ಸಿಪ್ಪೆ ಹಳದಿ, ತಿರುಳು ಬಿಳಿಚು, ಬಾಯಿಗಿಟ್ಟರೆ ಹುಳಿ. ತಿಂದವರು ‘ಕಾರ್ಬೈಡ್ ಹಾಕಿದ್ದಾರೆ’ ಎಂದು, ಅಂದರೆ ಕಾಯಿಯನ್ನು ಬೇಗ ಮಾಗಿಸುವ ರಾಸಾಯನಿಕ ಇಟ್ಟಿದ್ದಾರೆಂದು, ಬೈಯುತ್ತಾರೆ. ಆ ಮಾತು ನಿಜವಿರಬಹುದು. ಆದರೆ ಹಣ್ಣು ಕೆಟ್ಟಿದ್ದು ಕಾರ್ಬೈಡ್ ಪೊಟ್ಟಣ ಬಿಚ್ಚಿದಾಗ ಅಲ್ಲ. ಅದಕ್ಕೂ ಮೂರ್ನಾಲ್ಕು ದಿನ ಮೊದಲು, ಬಲಿಯದ ಕಾಯಿಯನ್ನು ಮರದಿಂದ ಇಳಿಸಿದಾಗಲೇ ಅದು ಕೆಟ್ಟಿತ್ತು. ಮಾವಿನ ಕಾರ್ಬೈಡ್ ಕಥೆಯನ್ನು ಈ ಎರಡು ತಪ್ಪುಗಳನ್ನು ಬೇರೆ ಬೇರೆ ಇಟ್ಟುಕೊಂಡೇ ನೋಡಬೇಕು.

ಮಾವು ಮರದಿಂದ ಇಳಿದ ಮೇಲೂ ಹಣ್ಣಾಗುವ ಜಾತಿಯದು. ದ್ರಾಕ್ಷಿ, ಕಿತ್ತಳೆಗಳು ಹಾಗಲ್ಲ, ಕಿತ್ತಾಗ ಎಷ್ಟು ಸಿಹಿಯೋ ಅಷ್ಟೇ. ಮಾವಿನಕಾಯಿ ಮರದಲ್ಲಿ ಕೊನೆಯ ಕೆಲವು ವಾರ ತನ್ನೊಳಗೆ ಪಿಷ್ಟ ತುಂಬಿಕೊಳ್ಳುತ್ತದೆ. ಹಣ್ಣಾಗುವಾಗ ಆ ಪಿಷ್ಟ ಸಕ್ಕರೆಯಾಗುತ್ತದೆ, ಹುಳಿ ಇಳಿಯುತ್ತದೆ, ಸಿಪ್ಪೆಯ ಹಸಿರು ಕರಗುತ್ತದೆ. ಈ ಕೆಲಸಗಳಿಗೆಲ್ಲ ಸೂಚನೆ ಕೊಡುವುದು ಕಾಯಿ ತಾನೇ ಬಿಡುವ ಎಥಿಲೀನ್ ಎಂಬ ಅನಿಲ. ಹೊರಗಿನಿಂದ ಅನಿಲ ಕೊಟ್ಟರೆ ಸೂಚನೆ ಬೇಗ ಸಿಗುತ್ತದೆ, ಆದರೆ ಇಲ್ಲದ ಪಿಷ್ಟ ಹುಟ್ಟುವುದಿಲ್ಲ. ಪಾತ್ರೆಗೆ ಅಕ್ಕಿ ಹಾಕದೆ ಒಲೆ ಹಚ್ಚಿದ ಹಾಗೆ. ಎಳಸು ಕಾಯಿಗೆ ಬಣ್ಣವಷ್ಟೇ ಬರುತ್ತದೆ.

ನಮ್ಮ ಹಳೆಯ ಪದ್ಧತಿ ಅಡೆ ಹಾಕುವುದು. ಅಟ್ಟದ ಮೇಲೋ ಕತ್ತಲೆ ಕೋಣೆಯಲ್ಲೋ ಭತ್ತದ ಹುಲ್ಲು ಹರಡಿ, ಒಂದು ಪದರ ಕಾಯಿ, ಮೇಲೊಂದು ಪದರ ಹುಲ್ಲು, ಮತ್ತೆ ಕಾಯಿ. ಕಾಯಿಗಳೇ ಬಿಡುವ ಎಥಿಲೀನ್ ಹುಲ್ಲಿನ ನಡುವೆ ಉಳಿದು ಅಕ್ಕಪಕ್ಕದ ಕಾಯಿಗೂ ತಗಲುತ್ತದೆ, ಹುಲ್ಲು ಬಿಸುಪನ್ನೂ ತೇವವನ್ನೂ ಹಿಡಿದಿಡುತ್ತದೆ. ಬಾಳೆಗೊನೆಗೆ ಹೊಗೆ ಹಾಕುವುದರ ಹಿಂದಿನ ಗುಟ್ಟೂ ಇದೇ, ಹೊಗೆಯಲ್ಲೂ ಎಥಿಲೀನ್ ಇರುತ್ತದೆ. ಇದನ್ನು ವಿಜ್ಞಾನ ಗುರುತಿಸಿದ್ದು ತಡವಾಗಿ. ರಷ್ಯಾದ ನೆಲ್ಯುಬೋವ್ 1901ರಲ್ಲಿ ದೀಪದ ಅನಿಲದಲ್ಲಿದ್ದ ಎಥಿಲೀನ್ ಬಟಾಣಿ ಸಸಿಗಳನ್ನು ಅಡ್ಡಾದಿಡ್ಡಿ ಬೆಳೆಸುತ್ತದೆಂದು ತೋರಿಸಿದ. ಅಮೆರಿಕದಲ್ಲಿ ನಿಂಬೆಯನ್ನು ಹಳದಿ ಮಾಡಲು ಸೀಮೆಎಣ್ಣೆ ಒಲೆ ಉರಿಸಿದ ಕೋಣೆಗಳಲ್ಲಿ ಇಡುತ್ತಿದ್ದರು. ಕೆಲಸ ಮಾಡುತ್ತಿದ್ದುದು ಒಲೆಯ ಶಾಖವಲ್ಲ, ಹೊಗೆಯೊಳಗಿನ ಎಥಿಲೀನ್ ಎಂಬುದು 1924ರಲ್ಲಿ ಡೆನ್ನಿ ಎಂಬ ವಿಜ್ಞಾನಿಯ ಪ್ರಯೋಗದಿಂದ ತಿಳಿಯಿತು. ಹಣ್ಣು ತಾನೇ ಈ ಅನಿಲವನ್ನು ತಯಾರಿಸುತ್ತದೆಂದು 1934ರಲ್ಲಿ ಇಂಗ್ಲೆಂಡಿನ ಗೇನ್ ಸೇಬಿನಲ್ಲಿ ಸಾಬೀತುಪಡಿಸಿದ.

ಕ್ಯಾಲ್ಸಿಯಂ ಕಾರ್ಬೈಡ್‌ಗೂ ಹಣ್ಣಿಗೂ ಹುಟ್ಟಿನಿಂದ ಸಂಬಂಧವಿಲ್ಲ. 1892ರಲ್ಲಿ ಕೆನಡಾದ ಥಾಮಸ್ ವಿಲ್ಸನ್ ಅಮೆರಿಕದಲ್ಲಿ ವಿದ್ಯುತ್ ಕುಲುಮೆಯಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ ಸಿಕ್ಕ ಕಲ್ಲು ಅದು. ನೀರು ಸೋಕಿದರೆ ಅಸಿಟಿಲೀನ್ ಅನಿಲ ಬಿಡುತ್ತದೆ, ಹಿಂದೆ ಸುಣ್ಣ ಉಳಿಯುತ್ತದೆ. ಸೈಕಲ್ ದೀಪಕ್ಕೆ, ಗಣಿ ಕಾರ್ಮಿಕರ ದೀಪಕ್ಕೆ, ಆಮೇಲೆ ಗ್ಯಾಸ್ ವೆಲ್ಡಿಂಗಿಗೆ ಅದು ಬಳಕೆಯಾಯಿತು. ವೆಲ್ಡಿಂಗ್ ಅಂಗಡಿ ಊರೂರಿಗೂ ಬಂದ ಮೇಲೆ ಕಾರ್ಬೈಡೂ ಊರೂರಿಗೆ ಬಂತು. ಅಸಿಟಿಲೀನ್ ರಚನೆಯಲ್ಲಿ ಎಥಿಲೀನ್‌ನ ಹತ್ತಿರದ ನೆಂಟ. ಹಾಗಾಗಿ ಕಾಯಿ ಮೋಸಹೋಗಿ ಅದನ್ನೂ ಸೂಚನೆಯೆಂದೇ ತಿಳಿಯುತ್ತದೆ. ಆದರೆ ಅಷ್ಟೇ ಪರಿಣಾಮಕ್ಕೆ ಎಥಿಲೀನ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಅಸಿಟಿಲೀನ್ ಬೇಕು.

ಮಂಡಿಯಲ್ಲಿ ನಡೆಯುವುದು ಸರಳ. ಕಾರ್ಬೈಡ್ ಪುಡಿಯನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಕ್ರೇಟ್ ತಳದಲ್ಲೋ ಕಾಯಿಗಳ ನಡುವೆಯೋ ಇಟ್ಟು, ಮೇಲೆ ಗೋಣಿಯೋ ಟಾರ್ಪಾಲೋ ಮುಚ್ಚುತ್ತಾರೆ. ಕಾಯಿ ಬೆವರುವ ತೇವವೇ ಸಾಕು, ಅನಿಲ ಏಳುತ್ತದೆ. ಅಡೆಯಲ್ಲಿ ವಾರ ಹಿಡಿಯುವ ಬಣ್ಣ ಎರಡು ಮೂರು ದಿನಕ್ಕೆ ಬರುತ್ತದೆ. ಕೈಗಾರಿಕೆಯ ಕಾರ್ಬೈಡ್‌ನಲ್ಲಿ ಆರ್ಸೆನಿಕ್, ರಂಜಕದ ಕಲ್ಮಶ ಇರುತ್ತದೆ. ಅವು ತೇವ ತಗಲಿದಾಗ ಆರ್ಸೀನ್, ಫಾಸ್ಫೀನ್ ಎಂಬ ವಿಷಾನಿಲಗಳಾಗಿ ಹೊರಬರುತ್ತವೆ. ಕಾರ್ಬೈಡ್ ಇಟ್ಟ ಕಡೆ ಬರುವ ಬೆಳ್ಳುಳ್ಳಿಯಂಥ ನಾತ ಈ ಕಲ್ಮಶಗಳದ್ದು. ಪುಡಿ ಕಣ್ಣಿಗೆ, ಬೆವರಿದ ಚರ್ಮಕ್ಕೆ ತಗಲಿದರೆ ಸುಡುತ್ತದೆ. ಅಸಿಟಿಲೀನ್ ಗಾಳಿಯಲ್ಲಿ ಶೇ. 2.5ರಷ್ಟಾದರೂ ಸಾಕು, ಕಿಡಿ ಬಿದ್ದರೆ ಸ್ಫೋಟಿಸುತ್ತದೆ. ತಿನ್ನುವವರ ಆರೋಗ್ಯದ ಬಗ್ಗೆ ನಾವು ಎಷ್ಟು ಮಾತಾಡುತ್ತೇವೋ, ಬರಿಗೈಯಲ್ಲಿ ಪೊಟ್ಟಣ ಕಟ್ಟಿ ಮುಚ್ಚಿದ ಗೋದಾಮಿನಲ್ಲಿ ಮಲಗುವ ಹಮಾಲಿಗಳ ಬಗ್ಗೆ ಅದರ ಕಾಲುಭಾಗವೂ ಮಾತಾಡಿಲ್ಲ. ಮೊದಲ ಪೆಟ್ಟು ಬೀಳುವುದು ಅವರಿಗೇ.

ಕಾನೂನು ಇಲ್ಲದೆ ಇರಲಿಲ್ಲ. 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯ ಅಡಿಯ ನಿಯಮಗಳಲ್ಲೇ, 44ಎಎ ಎಂಬ ನಿಯಮ, ಕಾರ್ಬೈಡ್ ಅನಿಲದಿಂದ ಮಾಗಿಸಿದ ಹಣ್ಣಿನ ಮಾರಾಟವನ್ನು ನಿಷೇಧಿಸಿತ್ತು. ಆ ಕಾಯ್ದೆಯ ಜಾಗಕ್ಕೆ 2006ರ ಆಹಾರ ಸುರಕ್ಷತೆ ಕಾಯ್ದೆ ಬಂತು. ಅದರ ನಿಬಂಧನೆಗಳು 2011ರ ಆಗಸ್ಟ್‌ನಲ್ಲಿ ಜಾರಿಯಾದಾಗ ಅದೇ ನಿಷೇಧ ಮುಂದುವರಿಯಿತು. ಆದರೂ ಪ್ರತಿ ಬೇಸಿಗೆಯೂ ದಾಳಿ, ಜಪ್ತಿ, ಮರುವರ್ಷ ಅದೇ. ಇದಕ್ಕೆ ಎರಡು ಕಾರಣ.

ಮೊದಲನೆಯದು ಸಾಕ್ಷಿಯ ತೊಡಕು. ಅಸಿಟಿಲೀನ್ ಕೆಲಸ ಮುಗಿಸಿ ಗಾಳಿಗೆ ಹೋಗುತ್ತದೆ. ಅಂಗಡಿಯ ಹಣ್ಣನ್ನು ಹಿಡಿದು ‘ಇದು ಕಾರ್ಬೈಡ್‌ನದು’ ಎಂದು ಸ್ಥಳದಲ್ಲೇ ಖಚಿತವಾಗಿ ಹೇಳುವುದು ಕಷ್ಟ. ಪೊಟ್ಟಣ ಸಿಕ್ಕರಷ್ಟೇ ಕೇಸು ಗಟ್ಟಿ. ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2025ರ ಮೇನಲ್ಲಿ ರಾಜ್ಯಗಳಿಗೆ ಬರೆದಾಗ ಇದನ್ನೇ ಗಮನದಲ್ಲಿಟ್ಟು, ಹಣ್ಣಿನ ಕ್ರೇಟ್ ಇರುವ ಜಾಗದಲ್ಲಿ ಕಾರ್ಬೈಡ್ ಸಿಕ್ಕರೆ ಅದನ್ನೇ ಸಾಂದರ್ಭಿಕ ಸಾಕ್ಷ್ಯವೆಂದು ಪರಿಗಣಿಸಲಾಗುವುದು ಎಂದು ಹೇಳಿತು.

ಎರಡನೆಯ ಕಾರಣ ತೋಟದಲ್ಲಿದೆ. ನಮ್ಮಲ್ಲಿ ಬಹಳಷ್ಟು ಮಾವಿನ ತೋಟಗಳು ಹೂ ಬಿಟ್ಟಾಗಲೋ ಮಿಡಿ ನಿಂತಾಗಲೋ ಗುತ್ತಿಗೆಗೆ ಹೋಗುತ್ತವೆ. ಗುತ್ತಿಗೆದಾರ ದುಡ್ಡು ಮೊದಲೇ ಹಾಕಿರುತ್ತಾನೆ. ಆಲಿಕಲ್ಲು ಬಿದ್ದರೆ, ಗಾಳಿ ಬೀಸಿದರೆ ನಷ್ಟ ಅವನದು. ಋತುವಿನ ಮೊದಲ ವಾರಗಳಲ್ಲಿ ಬೆಲೆ ಮೇಲಿರುತ್ತದೆ. ಒಂದೇ ಮರದಲ್ಲಿ ಹೂ ಎರಡು ಮೂರು ಸಲ ಬಂದಿರುವುದರಿಂದ ಬಲಿತದ್ದೂ ಎಳಸೂ ಒಟ್ಟಿಗೆ ಇರುತ್ತವೆ. ಬಲಿತದ್ದನ್ನಷ್ಟೇ ಆರಿಸಿ ಮೂರು ಸಲ ಕೊಯ್ದರೆ ಕೂಲಿ ಮೂರು ಪಾಲು. ಹಾಗಾಗಿ ಒಂದೇ ಸಲ ಬಡಿದು ಇಳಿಸುತ್ತಾರೆ. ಈ ಮಿಶ್ರ ಕಾಯಿಯನ್ನು ಅಡೆ ಹಾಕಿದರೆ ಬಲಿತದ್ದು ಹಣ್ಣಾಗುತ್ತದೆ, ಎಳಸು ಸುಕ್ಕುಗಟ್ಟಿ ಎಲ್ಲರಿಗೂ ಕಾಣುತ್ತದೆ. ಕಾರ್ಬೈಡ್ ಹಾಕಿದರೆ ಎರಡಕ್ಕೂ ಒಂದೇ ಬಣ್ಣ. ಮಂಡಿಗೆ ಬೇಕಾಗಿರುವುದು ವೇಗ ಮಾತ್ರವಲ್ಲ, ಈ ಮರೆಮಾಚುವಿಕೆ.

ಅಂಕೋಲಾದ ಕರಿ ಇಶಾಡ ಈ ಜಾಲಕ್ಕೆ ಸಿಗದೆ ಉಳಿದ ಹಣ್ಣು. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆ ಸಿಕ್ಕಿತು. ಸಿಪ್ಪೆ ತೆಳು, ಹಣ್ಣಾದ ಮೇಲೆ ಹೆಚ್ಚು ದಿನ ಉಳಿಯುವುದಿಲ್ಲ, ದೂರದ ಲಾರಿಗೆ ಆಗಿಬರುವುದಿಲ್ಲ. ಹಾಗಾಗಿ ಅದು ಹೆಚ್ಚಾಗಿ ಊರ ಆಸುಪಾಸಿನಲ್ಲೇ ಬುಟ್ಟಿಯಲ್ಲಿ ಮಾರಾಟವಾಗುತ್ತದೆ.

ಬದಲಿ ದಾರಿ ತೆರೆದದ್ದು 2016ರಲ್ಲಿ. ಎಫ್‌ಎಸ್‌ಎಸ್‌ಎಐ 100 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಪಾಲು ಗಾಳಿಗೆ 100 ಪಾಲಿನಂತೆ, ಎಥಿಲೀನ್ ಅನಿಲ ಬಳಸಲು ಒಪ್ಪಿತು. ಇದು ಎಷ್ಟು ಕಡಿಮೆಯೆಂದರೆ 10 ಅಡಿ ಉದ್ದ, ಅಗಲ, ಎತ್ತರದ ಖಾಲಿ ಕೋಣೆಗೆ 3 ಲೀಟರ್ ಅನಿಲವೂ ಬೇಡ. ಗಾಳಿಯಾಡದಂತೆ ಮುಚ್ಚಿದ ಕೋಣೆಯಲ್ಲಿ ಉಷ್ಣತೆ ಸುಮಾರು 20 ಡಿಗ್ರಿ ಸೆಲ್ಸಿಯಸ್, ತೇವ ಶೇ. 90ರ ಮೇಲೆ, ಅನಿಲ ಕೊಡುವುದು 24 ಗಂಟೆ. ನಡುವೆ ಬಾಗಿಲು ತೆರೆದು ಗಾಳಿ ಬದಲಿಸಲೇಬೇಕು. ಕಾಯಿಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಶೇ. 1 ದಾಟಿದರೆ ಎಥಿಲೀನ್‌ನ ಕೆಲಸಕ್ಕೇ ಅಡ್ಡಬರುತ್ತದೆ. ಅನನುಭವಿಗಳ ಚೇಂಬರ್‌ನಲ್ಲಿ ಹಣ್ಣು ಅರೆಬರೆ ಆಗುವುದು ಹೆಚ್ಚಾಗಿ ಇಲ್ಲೇ. ಕೋಣೆಯಿಲ್ಲದ ಸಣ್ಣ ವ್ಯಾಪಾರಿಗಳಿಗೆ ಎಥಿಲೀನ್ ಬಿಡುವ ಪುಟ್ಟ ಪೊಟ್ಟಣಗಳಿವೆ. ಅವು ಹಣ್ಣಿಗೆ ನೇರ ತಾಗಬಾರದು. ಎಥಿಲೀನ್ ಬಿಡುವ ಎಥೆಫಾನ್ ಎಂಬ ರಾಸಾಯನಿಕದ ದ್ರಾವಣದಲ್ಲಿ ಹಣ್ಣನ್ನು ಅದ್ದಿ ತೆಗೆಯುವುದಕ್ಕೆ ಅನುಮತಿಯಿಲ್ಲ. 2025ರ ಪತ್ರದಲ್ಲಿ ಬಾಳೆಯ ಹೆಸರು ಹೇಳಿಯೇ ಇದನ್ನು ಎಚ್ಚರಿಸಲಾಗಿದೆ. ಎಥಿಲೀನ್ ಸುರಕ್ಷಿತ, ಅದರಲ್ಲಿ ಅನುಮಾನ ಬೇಡ. ಆದರೆ ಎಳಸು ಕಾಯಿಯನ್ನು ಚೇಂಬರ್‌ಗೆ ಹಾಕಿದರೂ ಹೊರಬರುವುದು ಹಳದಿ ಎಳಸು ಕಾಯಿಯೇ.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ಮೊದಲು ವಾಟ್ಸಾಪ್‌ನಲ್ಲಿ ಹರಿದಾಡುವ ಬಕೆಟ್ ಪರೀಕ್ಷೆಯ ವಿಷಯ. ಹಣ್ಣು ನೀರಲ್ಲಿ ತೇಲಿದರೆ ಕಾರ್ಬೈಡ್, ಮುಳುಗಿದರೆ ಸಹಜ ಎನ್ನುತ್ತಾರೆ. ನೀರು ಕಾರ್ಬೈಡನ್ನು ಗುರುತಿಸುವುದಿಲ್ಲ. ಬಲಿತ ಕಾಯಿಯ ಸಾಂದ್ರತೆ ನೀರಿಗಿಂತ ತುಸು ಹೆಚ್ಚು, ಹಾಗಾಗಿ ಮುಳುಗುತ್ತದೆ; ಎಳಸು ತೇಲುತ್ತದೆ. ಅಂದರೆ ಈ ಪರೀಕ್ಷೆ ಹೇಳುವುದು ಬಲಿತಿದೆಯೇ ಎಂಬುದನ್ನು. ಅದಕ್ಕಾಗಿಯೇ ಅದು ಬಹಳ ಉಪಯೋಗದ್ದು, ಕಾಯಿ ತಂದಾಗ ಮಾಡಿ ನೋಡಿ. ಪೂರ್ತಿ ಒಂದೇ ಹಳದಿ ಇದ್ದರೆ ಕಾರ್ಬೈಡ್ ಎಂಬ ಮಾತೂ ಪೂರ್ತಿ ನಿಜವಲ್ಲ, ಸರಿಯಾದ ಎಥಿಲೀನ್ ಚೇಂಬರ್‌ನ ಹಣ್ಣೂ ಹಾಗೇ ಇರುತ್ತದೆ. ಮಲ್ಲಿಕಾ ಹಣ್ಣಾದ ಮೇಲೂ ಹಸಿರು ಉಳಿಸಿಕೊಳ್ಳಬಹುದು, ಸೇಂದೂರದ ಕೆಂಪು ಕಾಯಿಯಲ್ಲೇ ಇರುತ್ತದೆ. ಬಣ್ಣಕ್ಕಿಂತ ತೊಟ್ಟಿನ ಬುಡ ಮೂಸಿ ನೋಡಿ. ಬಲಿತು ಹಣ್ಣಾದದ್ದಕ್ಕೆ ಅಲ್ಲಿ ಘಮ ಇರುತ್ತದೆ.

ಇನ್ನೊಂದು ತಪ್ಪು ಆರೋಪವನ್ನೂ ತೆಗೆದುಹಾಕಬೇಕು. ಬಾದಾಮಿ (ಧಾರವಾಡದವರ ಆಪೂಸ್) ಕೊಯ್ದಾಗ ಓಟೆಯ ಸುತ್ತ ಬೆಳ್ಳಗೆ ಸ್ಪಂಜಿನಂಥ ಹುಳಿ ತಿರುಳು ಸಿಗುವುದುಂಟು. ಇದು ಕಾರ್ಬೈಡ್ ಅಲ್ಲ. ತೀರಾ ಬಲಿತ ಹಣ್ಣಿನ ಬೀಜ ಒಳಗೇ ಮೊಳೆಯಲು ಸಿದ್ಧವಾಗುವುದರಿಂದ, ಕೊಯ್ದ ಕಾಯಿಯನ್ನು ಕಾದ ನೆಲದ ಮೇಲೆ ರಾಶಿ ಹಾಕುವುದರಿಂದ ಹೆಚ್ಚುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಾದಾಮಿಯನ್ನು ಬಂಗನಪಲ್ಲಿಯ ಜೊತೆ ಕೂಡಿಸಿ ರೂಪಿಸಿದ ಅರ್ಕಾ ಪುನೀತ್, ಅರ್ಕಾ ಅರುಣ ತಳಿಗಳಲ್ಲಿ ಈ ದೋಷವಿಲ್ಲ.

ನಂಬಿ ತಿನ್ನುವ ಖಚಿತ ದಾರಿ ಎಂದರೆ ಹಣ್ಣಲ್ಲ, ಬಲಿತ ಕಾಯಿ ಕೊಳ್ಳುವುದು. ಲಾಲ್‌ಬಾಗ್‌ನ ಮಾವು ಮೇಳದಲ್ಲಿ ಬೆಳೆಗಾರರೇ ಕೂತು ಮಾರುತ್ತಾರೆ. ಅಲ್ಲಿ ಅಥವಾ ತೋಟದ ಬಾಗಿಲಲ್ಲೇ ಕಾಯಿ ಕೇಳಿ. ತೊಟ್ಟಿನ ಎರಡು ಬದಿಯ ಭುಜ ತೊಟ್ಟಿಗಿಂತ ಮೇಲೆದ್ದು ತೊಟ್ಟಿನ ಬುಡ ಗುಳಿ ಬಿದ್ದಿರಬೇಕು, ಕೆನ್ನೆ ತುಂಬಿರಬೇಕು, ಕಡು ಹಸಿರು ತಿಳಿಯಾಗಿರಬೇಕು. ಭುಜ ಇಳಿಜಾರಾಗಿದ್ದರೆ ಎಳಸು. ತೊಟ್ಟು ಒಂದು ಸೆಂಟಿಮೀಟರಿನಷ್ಟಾದರೂ ಉಳಿದಿದ್ದರೆ ಒಳ್ಳೆಯದು. ತೊಟ್ಟು ಕಿತ್ತುಬಂದ ಕಾಯಿಯ ಸೊನೆ ಸಿಪ್ಪೆ ಮೇಲೆ ಹರಿದು ಸುಟ್ಟ ಕಲೆ ಮಾಡುತ್ತದೆ, ಕೊಳೆಯೂ ಅಲ್ಲಿಂದಲೇ ಒಳಹೊಗುತ್ತದೆ.

ಮನೆಗೆ ತಂದು ಹರಿಯುವ ನೀರಲ್ಲಿ ತೊಳೆದು, ಪೂರ್ತಿ ಒರೆಸಿ ಆರಿಸಿ. ಮಳೆ ಬಿದ್ದ ಮೇಲೆ ಕೊಯ್ದ ಕಾಯಿಗೆ ಚಿಬ್ಬು ರೋಗದ ಕಪ್ಪು ಚುಕ್ಕೆ ಬೇಗ ಹರಡುತ್ತದೆ. ಅಂಥದ್ದನ್ನು 52 ಡಿಗ್ರಿ ಬಿಸಿನೀರಲ್ಲಿ 5ರಿಂದ 10 ನಿಮಿಷ ಮುಳುಗಿಸಿ ತೆಗೆದರೆ ರೋಗ ಹಿಡಿತಕ್ಕೆ ಬರುತ್ತದೆ. ಅಂದಾಜಿನ ಬಿಸಿ ಸಾಲದು, ಥರ್ಮಾಮೀಟರ್ ಇಡಿ. 55 ದಾಟಿದರೆ ಸಿಪ್ಪೆ ಬೇಯುತ್ತದೆ. ಆಮೇಲೆ ರಟ್ಟಿನ ಪೆಟ್ಟಿಗೆಯಲ್ಲಿ ಒಣ ಹುಲ್ಲೋ ಹಳೆ ಪತ್ರಿಕೆಯೋ ಹಾಸಿ ತೊಟ್ಟು ಕೆಳಗೆ ಮಾಡಿ ಜೋಡಿಸಿ, ಎರಡು ಪದರಕ್ಕಿಂತ ಹೆಚ್ಚು ಬೇಡ. ಬೇಗ ಬೇಕಿದ್ದರೆ ಒಂದು ಮಾಗಿದ ಬಾಳೆಹಣ್ಣು ಜೊತೆಗಿಡಿ, ಎಥಿಲೀನ್ ಅದೇ ಕೊಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಬೇಡಿ, ಉಸಿರುಗಟ್ಟಿ ಹೆಂಡದ ವಾಸನೆ ಬರುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಡುವವರು ದಿನಾ ತೆಗೆದು ನೋಡಬೇಕು. ಒಂದು ಕೊಳೆತರೆ ಅಕ್ಕಿಯೂ ಕೆಡುತ್ತದೆ.

20ರಿಂದ 25 ಡಿಗ್ರಿ ಇರುವ ತಂಪು ಮೂಲೆ ಸಿಕ್ಕರೆ ಸರಿಸುಮಾರು ವಾರದಲ್ಲಿ ಹಣ್ಣಾಗುತ್ತದೆ. ಕಲಬುರಗಿ, ರಾಯಚೂರಿನ ಮೇ ಬಿಸಿಲಲ್ಲಿ ತಿರುಳು ಮೆತ್ತಗಾದರೂ ಸಿಪ್ಪೆ ಹಸಿರೇ ಉಳಿಯಬಹುದು, ಬಣ್ಣಕ್ಕೆ ಕಾಯದೆ ಒತ್ತಿ ನೋಡಿ. ಕಾಯಿಯನ್ನು ಫ್ರಿಜ್ಜಿಗೆ ಹಾಕಬಾರದು. 12–13 ಡಿಗ್ರಿಗಿಂತ ಕೆಳಗೆ ಚಳಿ ಪೆಟ್ಟು ತಿಂದು ಸಿಪ್ಪೆ ಕಂದಿ, ಆಮೇಲೆ ಹೊರಗಿಟ್ಟರೂ ಸರಿಯಾಗಿ ಮಾಗುವುದಿಲ್ಲ. ಹಣ್ಣಾದ ಮೇಲೆ ಎರಡು ಮೂರು ದಿನ ಇಡಬಹುದು. ಹತ್ತು ದಿನ ಕಳೆದರೂ ಮಾಗದೆ ಸುಕ್ಕುಗಟ್ಟಿದ್ದು ಎಳಸು ಕಾಯಿ. ಕೊಳೆತಿಲ್ಲದಿದ್ದರೆ ತುರಿದು ಗೊಜ್ಜಿಗೆ ಹಾಕಿ, ಮುಂದಿನ ಸಲ ಅದೇ ಬೆಳೆಗಾರನ ಹತ್ತಿರ ಹೋದಾಗ ಹತ್ತರಲ್ಲಿ ಎಷ್ಟು ಹಾಗಾಯಿತು ಎಂದು ಲೆಕ್ಕ ಹೇಳಿ.