ಕಣ್ಣು ಬೇಗ ಬಿಟ್ಟ ಇಲಿಮರಿಗಳು

ಇಲಿಮರಿಗಳು ಹುಟ್ಟಿ ಸುಮಾರು ಎರಡು ವಾರ ಕಣ್ಣು ಬಿಡುವುದಿಲ್ಲ. ಅಮೆರಿಕದ ಜೀವರಸಾಯನ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಅವರ ಪ್ರಯೋಗಾಲಯದಲ್ಲಿ ಕೆಲವು ಮರಿಗಳು ಒಂದೇ ವಾರಕ್ಕೆ ಕಣ್ಣು ಬಿಟ್ಟವು. ಹಲ್ಲೂ ಬೇಗ ಬಂದವು. ಅವಕ್ಕೆ ಚುಚ್ಚಿದ್ದು ಇಲಿಯ ಜೊಲ್ಲು ಗ್ರಂಥಿಯ ಸಾರ. ಕೋಹೆನ್ ಕೆಲಸ ಮಾಡುತ್ತಿದ್ದದ್ದು ನರ ಬೆಳೆಸುವ ಬೇರೊಂದು ವಸ್ತುವಿನ ಮೇಲೆ. ಇದೇನೋ ಕಲಬೆರಕೆ ಎಂದು ಸುಮ್ನೆ ಬಿಟ್ಟುಬಿಡಬಹುದಿತ್ತು. ಅವರು ಬಿಡಲಿಲ್ಲ. 1962ರಲ್ಲಿ ಅವರು ಬೇರ್ಪಡಿಸಿದ ಆ ವಸ್ತುವೇ ಇಜಿಎಫ್, 53 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ಅದು ಚರ್ಮದಂಥ ಹೊದಿಕೆಯ ಕೋಶಗಳಿಗೆ 'ಬೆಳೆಯಿರಿ' ಎಂದು ಹೇಳುವ ಸುದ್ದಿ. 1986ರಲ್ಲಿ ಕೋಹೆನ್ ಮತ್ತು ಆ ನರ ಬೆಳೆಸುವ ವಸ್ತುವನ್ನು ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ ನೊಬೆಲ್ ಬಂತು.

ಸುದ್ದಿ ಮುಟ್ಟಿಸಲು ಇಜಿಎಫ್ ಕೋಶದ ಒಳಗೆ ಹೋಗಬೇಕಿಲ್ಲ. ಹೊರಪೊರೆಯ ಮೇಲಿರುವ ಗ್ರಾಹಕ ಎಂಬ ಪ್ರೋಟೀನ್‌ಗೆ ಅಂಟಿಕೊಂಡರೆ ಸಾಕು. ಆಗ ಎರಡು ಗ್ರಾಹಕಗಳು ಜೋಡಿಯಾಗುತ್ತವೆ. ಕೋಶದ ಒಳಗೆ ಚಾಚಿರುವ ಬಾಲಕ್ಕೆ ಒಂದು ಗ್ರಾಹಕ ಇನ್ನೊಂದರದ್ದಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಅಲ್ಲಿಂದ ಸುದ್ದಿ ಕೋಶದೊಳಗಿನ ಪ್ರೋಟೀನ್‌ಗಳ ಕೈಯಿಂದ ಕೈಗೆ ಸಾಗುತ್ತದೆ: ರಾಸ್, ರಾಫ್, ಮೆಕ್, ಎರ್ಕ್. ಎರ್ಕ್ ಕೋಶಕೇಂದ್ರವನ್ನು ಹೊಕ್ಕುತ್ತದೆ. ಅದುವರೆಗೆ ಹೆಚ್ಚುಕಡಿಮೆ ಸುಮ್ಮನಿದ್ದ ಫಾಸ್ ಎಂಬ ಜೀನ್‌ನಿಂದ ಕೆಲವೇ ನಿಮಿಷಗಳಲ್ಲಿ ಆರ್‌ಎನ್‌ಎ ಪ್ರತಿಗಳು ಬರತೊಡಗುತ್ತವೆ. ಹಿಂದೆಯೇ ಮಿಕ್ ಜೀನ್ ಏಳುತ್ತದೆ. ಇವುಗಳ ಪ್ರೋಟೀನ್‌ಗಳು ಇನ್ನೂ ಹಲವು ಜೀನ್‌ಗಳನ್ನು ಎಬ್ಬಿಸುತ್ತವೆ. ಕೋಶ ಎರಡಾಗಲು ಸಿದ್ಧವಾಗುತ್ತದೆ. ಗಾಯದ ಮೇಲೆ ಹೊಸ ಚರ್ಮ ಬರಲು ಇಂಥ ಸುದ್ದಿಗಳೇ ಬೇಕು.

ಆದರೆ ಗಾಯ ಮಾಯ್ದ ಮೇಲೆ ಇದೆಲ್ಲ ನಿಲ್ಲಬೇಕಲ್ವಾ? ನನಗೆ ಜಾಸ್ತಿ ಅಚ್ಚರಿ ಹುಟ್ಟಿಸುವುದು ಈ ನಿಲ್ಲುವಿಕೆ. ಸುದ್ದಿ ಪಡೆದ ಗ್ರಾಹಕವನ್ನು ಕೋಶ ಒಳಗೆಳೆದುಕೊಂಡು ಅರಗಿಸಿಬಿಡುತ್ತದೆ. ಮಿಕ್ ಪ್ರೋಟೀನ್‌ನ ಅರ್ಧ ಭಾಗ ಅರ್ಧ ಗಂಟೆಯೊಳಗೆ ಇಲ್ಲವಾಗುತ್ತದೆ. ರಾಸ್ ಒಂದು ಸ್ವಿಚ್ ಇದ್ದಂತೆ: ತನ್ನನ್ನು ಆನ್ ಇಟ್ಟಿರುವ ಜಿಟಿಪಿ ಎಂಬ ಪುಟ್ಟ ಅಣುವನ್ನು ಮುರಿದುಕೊಂಡು ತಾನೇ ಆಫ್ ಆಗುತ್ತದೆ.

ಕ್ಯಾನ್ಸರ್ ಗಡ್ಡೆಯಲ್ಲಿ ಕೆಡುವುದು ಹೆಚ್ಚಾಗಿ ಇಲ್ಲೇ. 1982ರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕೋಶಗಳ ರಾಸ್ ಜೀನನ್ನು ಓದಿದಾಗ ಸಿಕ್ಕಿದ್ದು ಡಿಎನ್‌ಎಯ ಒಂದೇ ಅಕ್ಷರದ ವ್ಯತ್ಯಾಸ. ಜಿ ಇರಬೇಕಾದ ಕಡೆ ಟಿ. ಅದರಿಂದ ಪ್ರೋಟೀನ್‌ನ 12ನೇ ಜಾಗದಲ್ಲಿ ಗ್ಲೈಸಿನ್ ಬದಲು ವ್ಯಾಲಿನ್ ಬಂದಿತ್ತು. ಅಷ್ಟಕ್ಕೇ ರಾಸ್‌ಗೆ ಜಿಟಿಪಿ ಮುರಿಯುವುದು ಕಷ್ಟವಾಯಿತು. ಸ್ವಿಚ್ ಹೆಚ್ಚುಕಡಿಮೆ ಆನ್ ಆಗಿಯೇ ಉಳಿಯಿತು. ಹೊರಗಿನಿಂದ ಯಾರೂ ಏನೂ ಹೇಳದಿದ್ದರೂ ಒಳಗೆ 'ಬೆಳೆಯಿರಿ' ಎಂಬ ಸುದ್ದಿ ಓಡುತ್ತಲೇ ಇರುತ್ತದೆ, ಜೀನ್‌ಗಳು ಎದ್ದೇ ಇರುತ್ತವೆ.

ದೊಡ್ಡ ಕರುಳಿನ ಕ್ಯಾನ್ಸರ್ ಹರಡಿದವರಿಗೆ ಕೆಲವೊಮ್ಮೆ ಸೆಟುಕ್ಸಿಮ್ಯಾಬ್ ಎಂಬ ಮದ್ದು ಕೊಡುತ್ತಾರೆ. ಅದು ಇಜಿಎಫ್ ಗ್ರಾಹಕವನ್ನು ಮುಚ್ಚುತ್ತದೆ. ಕೊಡುವ ಮೊದಲು ಗಡ್ಡೆಯ ರಾಸ್ ಪರೀಕ್ಷೆ ಆಗಲೇಬೇಕು. ರಾಸ್ ಕೆಟ್ಟಿದ್ದರೆ ಬಾಗಿಲು ಮುಚ್ಚಿ ಏನು ಬಂತು, ಗದ್ದಲ ಒಳಗಿನದು.

ಕೆಟ್ಟ ರಾಸ್ ಅನ್ನೇ ಹಿಡಿಯುವ ಮದ್ದಿಗೆ ದಶಕಗಳೇ ಬೇಕಾದವು. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೊಟೊರಾಸಿಬ್, 12ನೇ ಜಾಗದಲ್ಲಿ ಸಿಸ್ಟೀನ್ ಇರುವ ಕೆರಾಸ್ (ರಾಸ್‌ನ ಒಂದು ಬಗೆ) ಅನ್ನು ಮಾತ್ರ ಹಿಡಿಯುತ್ತದೆ. ಅದೂ ಸ್ವಿಚ್ ಆಗೊಮ್ಮೆ ಈಗೊಮ್ಮೆ ಆಫ್ ಆದ ಗಳಿಗೆಯಲ್ಲಿ. ಶ್ವಾಸಕೋಶದ ಗಡ್ಡೆಗಳಲ್ಲಿ ಇದು ಒಂಟಿಯಾಗಿಯೇ ಕೆಲಸ ಮಾಡಿತು. ಕರುಳಿನ ಗಡ್ಡೆಗಳಲ್ಲಿ ಅಷ್ಟಾಗಿ ಅಲ್ಲ: ಅಲ್ಲಿ ರಾಸ್ ಅನ್ನು ಕಟ್ಟಿಹಾಕಿದೊಡನೆ ಮೇಲಿನ ಇಜಿಎಫ್ ಗ್ರಾಹಕ ಮತ್ತೆ ಚುರುಕಾಗುತ್ತದೆ. ಅದಕ್ಕೇ ಈಗ ಅಂಥವರಿಗೆ ಎರಡನ್ನೂ ಒಟ್ಟಿಗೆ ಕೊಡುತ್ತಾರೆ, ರಾಸ್ ಹಿಡಿಯುವ ಮದ್ದಿನ ಜೊತೆಗೆ ಗ್ರಾಹಕ ಮುಚ್ಚುವ ಮದ್ದನ್ನೂ.